ಹುಳದ ಮನೆಯ ಬಾರು

ಸೋಮವಾರ ಕೆಂಚಮ್ಮನಿಗೆ ಒಪ್ಪೊತ್ತು. ಮಿಂದು, ದೇವರ ಗೂಡಿನಲ್ಲಿ ದೀಪ ಹಚ್ಚಿ, ಹೊಸ್ತಿಲಿಗೆ ಅರಿಶಿನ ಬಳಿಯುತ್ತ ಕೂತಿದ್ದಳು. ಅಷ್ಟರಲ್ಲಿ ಹಿರಿಯ ಮಗ ಅನಂತರಾಜುವಿನ ಲಗೇಜ್ ಆಟೋ ಹಿಂದುಹಿಂದಕ್ಕೆ ಅಂಗಳದೊಳಗೆ ಬಂತು. ಹಗ್ಗ ಬಿಗಿದ ಉದ್ದನೆಯ ಮೇಜೊಂದು ಅದರಲ್ಲಿ ಮಲಗಿತ್ತು. ಮೇಲೆ ತೇಗದ ಹಲಗೆ, ಮುಂದಕ್ಕೆ ಗಾಜು. ಗಾಜಿಗೆ ಅಂಟಿಸಿದ್ದ ಬಣ್ಣದ ಗೊಂಬೆಯ ಚಿತ್ರ ಅರ್ಧ ಸುಲಿದುಹೋಗಿತ್ತು.

"ಇದೇನ್ಲಾ ಇದು?"

"ಗೊಂಬೆ ಅಂಗಡಿ ಕೌಂಟ್ರು ಕಣವ್ವ. ಹೊಸ ರೋಡು ಬಂದ್ಮೇಲೆ ಚನ್ನಪಟ್ಣದ ಹಳೇ ರೋಡಲ್ಲಿ ಯಾವ ಕಾರು ನಿಲ್ತದೆ? ಅಂಗ್ಡಿ ಕಿತ್ತಾಕವ್ರೆ. ಗುಜರಿಗೆ ಬಂದಿತ್ತು, ಸೌದೆ ರೇಟ್ಗೆ ಎತ್ಕಂಡ್ ಬಂದೆ."

"ಎಲ್ಲಿ ಮಡಗೀಯ ಈ ಹೆಣಭಾರನ?"

"ಹಳೇ ಹುಳದ ಮನೇಲಿ."

ಹಳೇ ಹುಳದ ಮನೆ ಅಂದರೆ ಅಂಗಳದ ಆಚೆ ಬದಿಗೆ, ಮನೆಗೆ ಎದುರಾಗಿ ಇದ್ದ ಒಂಟಿ ಹೆಂಚಿನ ಕೋಣೆ. ಕೆಂಚಮ್ಮನೂ ಅವಳ ಗಂಡ ಕೆಂಪಯ್ಯನೂ ಅಲ್ಲಿ ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದ್ದರು. ಈಗ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಶೀಟಿನ ಹೊಸ ಶೆಡ್ಡು ಎದ್ದಿದೆ. ಹಳೆಯದರಲ್ಲಿ ಬಿದಿರಿನ ತಟ್ಟೆ, ಚಂದ್ರಂಕಿ, ಹರಿದ ಗೋಣಿಚೀಲ ಇಷ್ಟೇ ಇದ್ದವು. ಹುಳ ಹಣ್ಣಾದಾಗ ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ಸುರುಳಿ ಚಾಪೆಗೆ ಚಂದ್ರಂಕಿ ಎನ್ನುತ್ತಾರೆ. ಎಷ್ಟು ಸಾವಿರ ಹುಳುಗಳನ್ನು ಒಂದೊಂದಾಗಿ ಬೆರಳಿನಲ್ಲೆತ್ತಿ ಆ ಸುರುಳಿಗಳಲ್ಲಿ ಬಿಟ್ಟಿದ್ದಳೋ ಕೆಂಚಮ್ಮನಿಗೇ ಲೆಕ್ಕವಿಲ್ಲ.

ಮಗ ಸಾಮಾನು ತುಂಬಿಡಲು ತಂದಿರಬೇಕೆಂದು ಅವಳು ಸುಮ್ಮನಾದಳು. ಆ ವಾರದಲ್ಲೇ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲು ಬಂತು. ಆಮೇಲೆ ಮುಚ್ಚಿಹೋದ ಮೊಬೈಲ್ ಅಂಗಡಿಯ ಎರಡು ಎತ್ತರದ ಸ್ಟೂಲು, ಹಿಡಿ ಮುರಿದ ಒಂದು ಫ್ರಿಜ್ಜು. ಅನಂತರಾಜು ರಾಮನಗರದ ಮಾರುಕಟ್ಟೆಗೆ ಗೂಡು ಸಾಗಿಸಿ ಬಂದವನು, ಉಂಡ ಕೈ ಒಣಗುವ ಮೊದಲೇ ಆ ಕೋಣೆ ಸೇರಿ ಉಜ್ಜುವುದು, ಕೊಯ್ಯುವುದು, ಮೊಳೆ ಹೊಡೆಯುವುದು. ವಾರ್ನಿಷ್ ವಾಸನೆ ಅಡುಗೆ ಮನೆಯವರೆಗೂ ಬರುತ್ತಿತ್ತು.

ಗುಟ್ಟು ಒಡೆದವಳು ಮೊಮ್ಮಗಳು ಸಿರಿ. ಒಂಬತ್ತನೇ ತರಗತಿಯ ಹುಡುಗಿ. ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ ಹೇಳಿದಳು.

"ಅಜ್ಜಿ, ಅಪ್ಪ ಬಾರ್ ಮಾಡ್ತಾವ್ರೆ. ಮೊಬೈಲಲ್ಲಿ ನೋಡ್ಕೊಂಡು. ಹಳೇ ಸಾಮಾನಲ್ಲೇ ಮಾಡದಂತೆ."

"ಬಾರು ಅಂದ್ರೆ?"

"ಕುಡಿಯೋ ಬಾರು."

ಕೆಂಚಮ್ಮನ ಕೈಯಲ್ಲಿದ್ದ ಕಾಯಿ ಮೊರಕ್ಕೆ ಬಿತ್ತು.

ಆ ಸಂಜೆ ಊಟಕ್ಕೆ ಮುದ್ದೆ, ಉಪ್ಸಾರು. ಗಂಡಸರಿಬ್ಬರಿಗೂ ತಟ್ಟೆ ಇಟ್ಟು, ಸಾರಿನ ಸೌಟು ಕೈಯಲ್ಲೇ ಹಿಡಿದು ಕೆಂಚಮ್ಮ ನಿಂತಳು.

"ನಿನ್ ತಮ್ಮ ಸತ್ತು ಇನ್ನೂ ವರ್ಷ ತುಂಬಿಲ್ಲ. ಅವನ ನುಂಗಿದ್ದು ಅದೇ ಹೆಂಡ. ಅದ ತಂದು ಮನೆ ಮುಂದೆ ಕೂರಿಸ್ತೀಯೇನ್ಲಾ?"

"ಅದ್ಕೇ ಕೂರುಸ್ತಾ ಇರದು" ಎಂದ ಅನಂತರಾಜು, ಮುದ್ದೆ ಮುರಿಯುತ್ತ. "ರೋಡಲ್ಲಿ ಕುಡುದ್ರೆ ರೋಡಲ್ಲಿ ಸಾಯ್ತಾರೆ. ಮನೇಲಿ ಕುಡುದ್ರೆ ಉಂಡು ಮನೀಕತಾರೆ."

"ನಿಮ್ಮಪ್ಪ ಕಬ್ಬಾಳಮ್ಮನ ಮುಂದೆ ಕರ್ಪೂರ ಮುಟ್ಟಿ ಬುಟ್ಟವ್ರೆ. ನಲವತ್ತು ವರ್ಷ ಆಯ್ತು. ಈ ಹೊಸ್ತಿಲೊಳಕ್ಕೆ ಒಂದು ತೊಟ್ಟು ಬಂದಿಲ್ಲ."

"ಹೊಸ್ತಿಲೊಳಕ್ಕೆ ನಾನೂ ತರಲ್ಲ ಬುಡು. ಹುಳದ ಮನೆ ಹೊಸ್ತಿಲಾಚೆ ಐತೆ. ನಿನ್ ಆಣೆ ಅಲ್ಲಿಗಂಟ ಬರಲ್ಲ."

"ಇವ್ನ ಲಾಯರಿಗೆ ಓದುಸ್ಬೇಕಾಗಿತ್ತು" ಎಂದ ಕೆಂಪಯ್ಯ, ಯಾರ ಕಡೆಗೂ ನೋಡದೆ. "ಒಸಿ ಸಾರು ಬುಡು, ಮುದ್ದೆ ಆರ್ತಾ ಐತೆ."

ಕೆಂಚಮ್ಮ ಸೊಸೆಯ ಮುಖ ನೋಡಿದಳು. ಭಾನುಪ್ರಿಯ ಬಾಗಿಲ ಪಕ್ಕ ನಿಂತು ಸೆರಗಿಗೆ ಕೈ ಒರೆಸುತ್ತಿದ್ದಳು.

"ನಾನೇ ಊ ಅಂದೆ ಅತ್ತೆ" ಎಂದಳು. "ದಿನಾ ಸಂಜೆ ಇವ್ರ ಗಾಡಿ ಸದ್ದು ಕೇಳೋಗಂಟ ನನ್ ಜೀವ ಕೈಲಿರ್ತದೆ. ಕಣ್ಮುಂದೆ ಕುಡೀಲಿ. ಬಿದ್ರೂ ಅಂಗಳದಲ್ಲಿ ಬೀಳ್ತಾರೆ."

ಕೆಂಚಮ್ಮ ಗಂಡನ ತಟ್ಟೆಗೆ ಸಾರು ಬಿಟ್ಟಳು.

ಕಿರಿಯ ಮಗ ನಟರಾಜುವಿಗೆ ಸಾಯುವಾಗ ಇಪ್ಪತ್ತೆಂಟು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕಾರ್ಖಾನೆಯ ಕೆಲಸ. ಕೈ ಬಲು ಚೊಕ್ಕ, ಬಾಯಿ ಬಲು ಸಿಹಿ, ಕುಡಿತ ಒಂದಿತ್ತು. ಹೋದ ವರ್ಷ ಯುಗಾದಿಯ ಮರುದಿನ, ಹೊಸತೊಡಕಿನ ಬಾಡೂಟ ಮುಗಿದ ಮೇಲೆ, ಅವನು ಎಲ್ಲೋ ಕುಡಿದು ಬಂದು ತುಳಸಿ ಕಟ್ಟೆಯ ಮೇಲೆ ವಾಂತಿ ಮಾಡಿಕೊಂಡ. ಬೆಳಗಾದ ಮೇಲೆ ಕೆಂಚಮ್ಮ ಅವನನ್ನು ಮೀಯಿಸಿ, ಹೊಸ್ತಿಲ ಮೇಲೆ ಕರ್ಪೂರ ಹಚ್ಚಿಟ್ಟು, ಕೈ ಹಿಡಿದು ಆಣೆ ಮಾಡಿಸಿದಳು.

"ಕುಡಿದ ಕಾಲಲ್ಲಿ ಈ ಹೊಸ್ತಿಲು ತುಳಿಯಲ್ಲ ಕಣವ್ವ" ಎಂದು ಅವನು ಉರಿಯ ಮೇಲೆ ಅಂಗೈ ಹಿಡಿದು ಹೇಳಿದ.

ಕುಡಿತ ಬಿಡಲಿಲ್ಲ. ಆದರೆ ಆಣೆಯನ್ನೂ ಮುರಿಯಲಿಲ್ಲ. ಕುಡಿದ ದಿನ ಮನೆಗೆ ಬರುತ್ತಲೇ ಇರಲಿಲ್ಲ. ಕಾರ್ಖಾನೆಯಲ್ಲೇ ಮಲಗಿ, ಬೆಳಿಗ್ಗೆ ಹಣೆಗೆ ವಿಭೂತಿ ಬಳಿದುಕೊಂಡು ಬರುತ್ತಿದ್ದ. ಆಣೆ ಇಟ್ಟರೆ ಕೆಂಚಮ್ಮನ ಮಗ ಇಟ್ಟ ಹಾಗಿರಬೇಕು ಎಂದು ಊರಿನ ಹೆಂಗಸರು ಅಂದರು. ಅದನ್ನು ಕೇಳಿ ಕೆಂಚಮ್ಮನ ಎದೆ ಉಬ್ಬಿದ್ದು ಸುಳ್ಳಲ್ಲ. ದೇವರು ಕೊಟ್ಟ ಶಿಕ್ಷೆಗಳಲ್ಲಿ ಈಗ ಅದರ ನೆನಪೂ ಒಂದು.

ಆಷಾಢದ ಆ ರಾತ್ರಿ ಎಂಟೂವರೆ ಇರಬಹುದು. ಜಿನುಗು ಮಳೆ. ಕೆಂಪಯ್ಯನೂ ಅನಂತರಾಜುವೂ ಶೆಡ್ಡಿನಲ್ಲಿ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು, ಭಾನುಪ್ರಿಯ ಮಗಳೊಡನೆ ತವರಿಗೆ ಹೋಗಿದ್ದಳು. ಕೆಂಚಮ್ಮ ಒಬ್ಬಳೇ ಮುದ್ದೆ ತೊಳಸುತ್ತಿದ್ದಾಗ ಅಂಗಳಕ್ಕೆ ಬೈಕು ಬಂತು. ಬಾಗಿಲ ಸಂದಿಯಿಂದ ಬೆಳಕು ಒಳಗೆ ಬಂದು ಗೋಡೆಯ ಮೇಲೆ ನಿಂತಿತು. ಇಂಜಿನ್ನು ನಿಲ್ಲಲಿಲ್ಲ, ಗುಡುಗುಡು ಎನ್ನುತ್ತಲೇ ಇತ್ತು. ಕುಡಿಯದಿದ್ದರೆ ತಾನಾಗಿ ಬರುತ್ತಾನೆ, ಕುಡಿದಿದ್ದರೆ ನಾನು ಬಾಗಿಲು ತೆಗೆದು ಅವನ ಆಣೆ ಮುರಿಸಬಾರದು ಎಂದುಕೊಂಡು ಅವಳು ಕೋಲು ತಿರುವುತ್ತಲೇ ನಿಂತಳು. ಬೆಳಕು ಗೋಡೆಯಿಂದ ಜಾರಿ ಹೊರಟುಹೋಯಿತು. ಅರ್ಧ ಗಂಟೆಗೆ ಸುದ್ದಿ ಬಂತು. ಕೆರೆ ಏರಿಯ ತಿರುವಿನಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರಾಕ್ಟರಿಗೆ ಬಡಿದಿದ್ದ.

ಮನೆಗೆ ಬರುತ್ತ ಸತ್ತ ಎಂದು ಎಲ್ಲರೂ ಅಂದರು. ಕೆಂಚಮ್ಮ ಯಾರನ್ನೂ ತಿದ್ದಲಿಲ್ಲ.

ಮೂರು ವಾರದಲ್ಲಿ ಬಾರು ಸಿದ್ಧವಾಯಿತು. ಗೊಂಬೆ ಅಂಗಡಿಯ ಕೌಂಟರಿಗೆ ಹೊಳಪು ಬಂದಿತ್ತು. ಹೊಲಿಗೆ ಯಂತ್ರದ ಕಾಲಿನ ಮೇಲೆ ಹಳೇ ಬಾಗಿಲ ಹಲಗೆ ಕೂತು ಮೇಜಾಗಿತ್ತು. ಗೋಡೆಗೆ ಚಂದ್ರಂಕಿ ಎರಡು. ಅವುಗಳ ಸುರುಳಿಯ ಗುಂಟ ಮಿಣುಕು ದೀಪದ ಸರ. ಹುಳದ ತಟ್ಟೆ ಇಡುತ್ತಿದ್ದ ಅಟ್ಟಣೆಯಲ್ಲಿ ಈಗ ಬಾಟಲಿ, ಗ್ಲಾಸು. ಊರಿನ ಹುಡುಗರು ಬಂದು ಫೋಟೋ ತೆಗೆದುಕೊಂಡು ಹೋದರು.

ಮೊದಲ ಭಾನುವಾರವೇ ಅನಂತರಾಜುವಿನ ಸ್ನೇಹಿತರು ನಾಲ್ವರು ಬಂದರು. ಅವರ ಪೈಕಿ ಗುಡೇಮಾರನಹಳ್ಳಿಯ ಗಂಗಹನುಮಯ್ಯನ ದನಿ ದೊಡ್ಡದು.

"ಅಲ್ಲಾ ಕಣ್ಲಾ ಅನಂತ, ಬೆಂಗ್ಳೂರಲ್ಲಿ ಲಕ್ಷ ಸುರೀತಾರೆ ಇಂತಾದ್ಕೆ. ನೀನು ಗುಜರೀಲಿ ಎತ್ತಿದ್ಯಲ್ಲೋ."

"ಸಪ್ಲೇಯರ್ ಒಬ್ಬ ಕಮ್ಮಿ" ಎಂದ ಇನ್ನೊಬ್ಬ.

"ಅವ್ಳವ್ಳೆ" ಎಂದ ಅನಂತರಾಜು ನಗುತ್ತ. "ಭಾನೂ, ಇನ್ನೊಂದು ಪ್ಲೇಟು ಬೋಟಿ ಕಳುಸು."

ಕತ್ತಲಾಯಿತು. ಕೆಂಚಮ್ಮ ಜಗುಲಿಯ ಮೇಲೆ ಜಪಮಣಿ ಎಣಿಸುತ್ತ ಕೂತಿದ್ದಾಗ ಆ ಕೋಣೆಯೊಳಗೆ ಯಾರೋ ಸ್ವಿಚ್ಚು ಒತ್ತಿದರು. ಕೌಂಟರಿನ ಮೇಲೆ ತೂಗಿಬಿಟ್ಟಿದ್ದ ದುಂಡನೆಯ ದೀಪವೊಂದು ಹೊತ್ತಿ, ಅದರ ಬೆಳಕು ಕಿಟಕಿಯಿಂದ ಹಾರಿ ಬಂದು ಎದುರಿನ ಮನೆಯ ಗೋಡೆಯ ಮೇಲೆ ನಿಂತಿತು. ದೀಪದ ಗಾಜು ಒಂದು ಅಂಚಿನಲ್ಲಿ ಬಿರಿದಿತ್ತು. ಆ ಬಿರುಕು ಗೋಡೆಯ ಮೇಲೆ ಕೂದಲೆಳೆಯಂತೆ ಕಾಣುತ್ತಿತ್ತು. ಕೆಂಚಮ್ಮನ ಬೆರಳು ಮಣಿಯ ಮೇಲೆ ನಿಂತುಹೋಯಿತು. ಆ ಬೆಳಕನ್ನು ಅವಳು ಬಲ್ಲಳು.

ಮರುದಿನ ಒಪ್ಪೊತ್ತಿನಲ್ಲೇ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದಳು. ಗುಜರಿ ಅಂಗಡಿ ನಡೆಸುವವಳು ಬದ್ರುನ್ನೀಸಾ, ಅವಳದೇ ವಯಸ್ಸಿನ ವಿಧವೆ. ತಕ್ಕಡಿಯ ಪಕ್ಕದ ಕುರ್ಚಿ ಒರೆಸಿ ಕೂರಿಸಿದಳು.

"ನನ್ ಮಗನ್ಗೆ ಇನ್ನೇನೂ ಕೊಡ್ಬೇಡ ಕಣಮ್ಮ. ಬಾರು ಮಾಡ್ಕಂಡವ್ನೆ."

"ಬಾರಾ?" ಬದ್ರುನ್ನೀಸಾ ಕೆನ್ನೆ ಮುಟ್ಟಿಕೊಂಡಳು. "ನಮಗೆ ಹೇಳಿಲ್ಲ ಅಮ್ಮಾ. ಮಗಳು ಓದೋಕೆ ರೂಮು ಅಂದಿದ್ರು."

"ಆ ಗಾಡಿ ಲೈಟು..."

ಬದ್ರುನ್ನೀಸಾ ತಕ್ಕಡಿಯ ಮೇಲಿದ್ದ ತೂಕದ ಕಲ್ಲನ್ನು ಕೆಳಗಿಟ್ಟಳು. "ಚಿಕ್ಕ ಮಗಂದು ತಾನೆ? ಸ್ಟೇಷನ್ನಿಂದ ಬಿಡಿಸಿ ನಿಮ್ಮ ಯಜಮಾನ್ರು ತೂಕಕ್ಕೆ ಹಾಕಿ ಹೋದ್ರಲ್ಲ, ಆ ಗಾಡಿ. ಎಲ್ಲಾ ಬಿಚ್ಚಿ ಮಾರಿ ಆಗಿತ್ತು, ಲೈಟ್ ಒಂದು ಇತ್ತು. ನಿಮ್ಮ ದೊಡ್ಡ ಮಗ ಮೊದಲು ಬಂದಿದ್ದೇ ಅದಕ್ಕೆ ಅಮ್ಮಾ. ಕೌಂಟರು, ಸ್ಟೂಲು ಎಲ್ಲಾ ಆಮೇಲೆ. ಎಲ್ಲದಕ್ಕೂ ಚೌಕಾಸಿ ಮಾಡಿದ್ರು, ಅದೊಂದಕ್ಕೆ ಮಾಡ್ಲಿಲ್ಲ. ಟವೆಲ್ನಲ್ಲಿ ಸುತ್ತಿ ಮಗು ಥರ ಎತ್ಕೊಂಡು ಹೋದ್ರು."

ಅವಳು ಕೊಟ್ಟ ಚಹಾ ಕುಡಿಯದೆಯೇ ಕೆಂಚಮ್ಮ ಎದ್ದು ಬಂದಳು.

ಮುಂದಿನ ತಿಂಗಳುಗಳಲ್ಲಿ ಮನೆಯ ದಿನಚರಿಯೇ ತಿರುಗಿತು. ಮೊದಲು ವಾರಕ್ಕೆ ಎರಡು ದಿನ ಕುಡಿಯುತ್ತಿದ್ದ ಅನಂತರಾಜು ಈಗ ದಿನವೂ ಕೂರುತ್ತಿದ್ದ. ನಾಲ್ಕು ಹೆಜ್ಜೆ ನಡೆದರೆ ಬಾರು. ಭಾನುಪ್ರಿಯ ಬೆಳಿಗ್ಗೆ ಎದ್ದು ಮೊದಲು ಗ್ಲಾಸು ತೊಳೆಯಬೇಕು, ಸಂಜೆ ಮುದ್ದೆಗೆ ಎಸರಿಡುವ ಮೊದಲು ಕಡಲೆಬೀಜ ಹುರಿದು ಈರುಳ್ಳಿ ಹೆಚ್ಚಬೇಕು. ಸಿರಿ ಪರೀಕ್ಷೆಗೆ ಓದಲು ಪಕ್ಕದ ಅಂಕಮ್ಮನ ಮನೆಗೆ ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದಳು.

"ಬಾರಲ್ಲಿ ಕೆಲ್ಸ ಮಾಡೋರ್ಗೆ ಟಿಪ್ಸಾದ್ರೂ ಸಿಕ್ತದೆ" ಎಂದಳು ಭಾನುಪ್ರಿಯ ಒಂದು ಸಂಜೆ, ಎಣ್ಣೆ ಹಾರಿ ಬೊಕ್ಕೆ ಎದ್ದ ಕೈಗೆ ಸುಣ್ಣ ಹಚ್ಚಿಕೊಳ್ಳುತ್ತ.

"ನೀನೇ ತಾನೆ ಊ ಅಂದಿದ್ದು" ಎಂದಳು ಕೆಂಚಮ್ಮ.

"ಊ ಅಂದೆ ಅತ್ತೆ. ಜೀವ ಉಳೀಲಿ ಅಂತ ಅಂದೆ. ಜೀವ ಉಳೀತು, ಗಂಡ ಉಳೀಲಿಲ್ಲ. ನೀವು ಆಣೆ ಮಾಡ್ಸುದ್ರಿ, ನಾನು ಅಡ್ಗೆ ಮಾಡಾಕ್ದೆ. ಇಬ್ರೂ ಗೆಲ್ನಿಲ್ಲ."

ಸೊಸೆಯ ಬಾಯಿಂದ ಆಣೆ ಎಂಬ ಮಾತು ಬಂದದ್ದೇ ಕೆಂಚಮ್ಮನಿಗೆ ಚುಚ್ಚಿತು. ಎದ್ದವಳೇ ಅಂಗಳ ದಾಟಿದಳು. ಅನಂತರಾಜು ಕೌಂಟರಿನ ಹಿಂದೆ ಒಬ್ಬನೇ ಕೂತಿದ್ದ. ಬಾರು ಆದಮೇಲೆ ಅವಳು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಸ್ಟೂಲು ಎಳೆದು, ಅದರ ಮೇಲೆ ಹತ್ತಲು ನೋಡಿದಳು.

"ಏನವ್ವ ಮಾಡ್ತಿದ್ದೀಯ? ಬಿದ್ಗಿದ್ದೀಯ."

"ಆ ಲೈಟು ಕೀಳು. ಸತ್ತ ನನ್ ಮಗಂದ ತಂದು ಹೆಂಡದ ಮೇಲೆ ತೂಗಾಕಿದ್ದೀಯಲ್ಲ, ಕೈ ಹೆಂಗ್ ಬಂತು ನಿಂಗೆ?"

"ಅದು ಅಲ್ಲೇ ಇರ್ಲಿ."

"ದಿನಾ ನನ್ ಗ್ವಾಡೆ ಮೇಲೆ ಬೀಳ್ತದೆ ಕಣೋ ಅದು."

"ಬೀಳ್ಲಿ ಅಂತ್ಲೇ ಅತ್ಲಾಗೆ ತಿರುಗ್ಸಿರದು."

ಕೆಂಚಮ್ಮ ಸ್ಟೂಲಿನಿಂದ ಕಾಲು ಇಳಿಸಿದಳು. ಅನಂತರಾಜು ಗ್ಲಾಸನ್ನು ಪಕ್ಕಕ್ಕೆ ಸರಿಸಿದ. ಅವನ ದನಿ ಏರಲಿಲ್ಲ.

"ಅವತ್ತು ಅವನ ಮೈಯ ರೋಡಿಂದ ಎತ್ತಿದ್ದು ನಾನು. ಗಾಡಿ ಮಕ ಎತ್ಲಾಗಿತ್ತು ಗೊತ್ತಾ ಅವ್ವ? ಚನ್ನಪಟ್ಣದ ಕಡೀಕೆ. ಮನೀಗೆ ಬರೋನ್ ಗಾಡಿ ಮಕ ಅತ್ಲಾಗ್ ಯಾಕಿರ್ತದೆ? ಪೋಲೀಸ್ನೋರು ಕೇಳುದ್ರು. ತಿರುಗ್ ಬಿದ್ದಿರ್ಬೇಕು ಸಾರ್ ಅಂದೆ. ಅಪ್ಪಂಗೂ ಹೇಳ್ನಿಲ್ಲ, ಇವ್ಳ್ಗೂ ಹೇಳ್ನಿಲ್ಲ. ನೀನಾಗಿ ಹೇಳ್ತೀಯ ಅಂತ ಇದ್ದೆ. ತಿಥಿ ದಿನ ಹೇಳ್ತೀಯ ಅಂತಿದ್ದೆ. ಗೌರಿ ಹಬ್ಬ ಆಯ್ತು, ಸಂಕ್ರಾಂತಿ ಆಯ್ತು, ನೀ ಜಪ ಮಾಡ್ಕಂಡೇ ಕೂತ್ಕಂಡೆ."

ಕೆಂಚಮ್ಮ ಕೌಂಟರಿನ ಅಂಚು ಹಿಡಿದು ನಿಂತಳು.

"ಬಂದಿದ್ನಾ ಅವ್ವ?"

"ಬಂದಿದ್ದ."

"ಬಾಗ್ಲು?"

"ಆಣೆ ಇತ್ತಲ್ಲೋ" ಎಂದಳು ಕೆಂಚಮ್ಮ. "ನಾ ತೆಗುದ್ರೆ ಅವನ ಆಣೆ ಮುರೀತದೆ ಅನ್ಕಂಡೆ. ದೇವ್ರು ನೋಡ್ತದೆ ಅನ್ಕಂಡೆ."

"ನೋಡ್ತು" ಎಂದ ಅನಂತರಾಜು.

ಕೆಂಚಮ್ಮ ಅಂಗಳ ದಾಟಿ ಬರುವಾಗ ಬೆನ್ನ ಮೇಲೆ ಆ ಬೆಳಕೇ ಬಿದ್ದು, ಅವಳ ನೆರಳು ಮುಂದಾಗಿ ಹೋಗಿ ಹೊಸ್ತಿಲು ದಾಟಿತು.

ಎಂಟು ದಿನಕ್ಕೆ ನಟರಾಜುವಿನ ವರ್ಷದ ಎಡೆ. ಸತ್ತವನಿಗೆ ಪ್ರೀತಿಯಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು, ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗುವುದು ರೂಢಿ. ಭಾನುಪ್ರಿಯ ಬೆಳಗಿನಿಂದ ನಿಂತ ಕಾಲಲ್ಲಿ ಕೋಳಿ ಸಾರು, ಮುದ್ದೆ, ಕಜ್ಜಾಯ, ಉದ್ದಿನ ವಡೆ ಮಾಡಿದ್ದಳು. ಫೋಟೋದ ಮುಂದೆ ಹೊಸ ಪಂಚೆ, ಶರಟು. ಕೆಂಪಯ್ಯ ಎಲೆಯನ್ನು ಒಮ್ಮೆ ನೋಡಿ, ಹೆಂಡತಿಯ ಮುಖ ನೋಡಿ, ಮೆಲ್ಲನೆ ಹೇಳಿದ.

"ಬ್ಯಾರೆ ಮನೆಯೋರು ಅದನ್ನೂ ಮಡಗ್ತಾರೆ. ಬೇಕಾದ್ರೆ ಹೊಸ್ತಿಲಾಚೆ ಮಡಗಾನ. ನಿನ್ ಇಷ್ಟ."

ಕೆಂಚಮ್ಮ ಎದ್ದು ಹುಳದ ಮನೆಗೆ ಹೋದಳು. ಅಟ್ಟಣೆಯಿಂದ ಒಂದು ಬಾಟಲಿ, ಒಂದು ಗ್ಲಾಸು ತೆಗೆದುಕೊಂಡಳು. ಗ್ಲಾಸನ್ನು ನಲ್ಲಿಯಲ್ಲಿ ತೊಳೆದು, ತನ್ನ ಮಡಿಸೀರೆಯ ಸೆರಗಿನಲ್ಲಿ ಒರೆಸಿದಳು. ಎಲ್ಲರೂ ನೋಡುತ್ತಿದ್ದಂತೆ, ಮೊದಲ ಸಲ ಮನೆ ತುಂಬುವ ಸೊಸೆಯಂತೆ ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿ, ಎಲೆಯ ಬಲಕ್ಕೆ ಕೂತು, ಬಗ್ಗಿಸಿದಳು. ಎಷ್ಟು ಬಗ್ಗಿಸಬೇಕೆಂದು ಅವಳಿಗೆ ತಿಳಿಯದು. ಗ್ಲಾಸು ತುಂಬಿ ಎಲೆಯ ಮೇಲೆ ಹರಿಯಿತು.

ಧೂಪ ಹಾಕಿ ಎಲ್ಲರೂ ಹೊರಗೆ ಬಂದರು. ಕೆಂಪಯ್ಯ ಬಾಗಿಲ ಚಿಲಕಕ್ಕೆ ಕೈ ಹಾಕಿದ.

"ಹಾಕ್ಬೇಡಿ" ಎಂದಳು ಕೆಂಚಮ್ಮ.

"ಬಾಗ್ಲು ಹಾಕ್ದಿದ್ರೆ ಬರಲ್ಲ ಕಣೆ ಅವ್ರು. ನಡ್ಕಂಡ್ ಬಂದಿರದು."

"ಹಾಕಿದ್ದಕ್ಕೇ ಹೋದ ಅಂವ."

ಕೆಂಪಯ್ಯನಿಗೆ ಅರ್ಥವಾಗಲಿಲ್ಲ. ಹಿರಿಯ ಮಗನ ಮುಖ ನೋಡಿದ. ಅವನು ಬೇರೆ ಕಡೆ ತಿರುಗಿದ್ದ. ಆಗ ಕೆಂಚಮ್ಮ ಗಂಡನಿಗೆ, ಸೊಸೆಗೆ, ಮೊಮ್ಮಗಳಿಗೆ ಕೇಳುವಂತೆ ಆ ರಾತ್ರಿಯದನ್ನೆಲ್ಲ ಹೇಳಿದಳು. ಬೈಕಿನ ಬೆಳಕು, ಗೋಡೆ, ಕೈಯಲ್ಲಿದ್ದ ಮುದ್ದೆ ಕೋಲು. ಹೇಳುವಾಗ ಅಳಲಿಲ್ಲ. ಕೆಂಪಯ್ಯ ಜಗುಲಿಯ ಕಂಬ ಹಿಡಿದು ಕೂತ. "ನಾನೂ ಕುಡುದ್ ಬತ್ತಿದ್ದೆ, ಆಗ ಬಾಗ್ಲು ತೆಗೀತಿದ್ದೆ ನೀನು" ಎಂದ, ಅಷ್ಟೇ. ಆ ದಿನವೆಲ್ಲ ಅವಳ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲ.

ಎಡೆಯನ್ನು ಮನೆಯವರು ಹಂಚಿಕೊಂಡು ಉಣ್ಣಬೇಕು. ಉಂಡರು. ಗ್ಲಾಸು ಮಾತ್ರ ಹಾಗೆಯೇ ಉಳಿಯಿತು. ಅನಂತರಾಜು ಅದನ್ನು ಮುಟ್ಟಲಿಲ್ಲ. ಕೆಂಚಮ್ಮ ಅದನ್ನು ತುಳಸಿ ಕಟ್ಟೆಯ ಆಚೆ ಮಣ್ಣಿಗೆ ಸುರಿದು, ತೊಳೆದು, ಹುಳದ ಮನೆಯ ಅಟ್ಟಣೆಯಲ್ಲಿ ಅದರ ಜಾಗದಲ್ಲೇ ಇಟ್ಟು ಬಂದಳು. ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.

ದೀಪ ಹಚ್ಚುವ ಹೊತ್ತಿಗೆ ಅನಂತರಾಜು ತನ್ನ ಬೈಕು ಹೊರಗೆ ತಂದ.

"ಎಲ್ಲಿಗ್ರೀ?" ಎಂದಳು ಭಾನುಪ್ರಿಯ.

"ಇಂಗೇ. ಹೈವೇ ಕಡೀಕೆ."

"ಇಲ್ಲೇ ಐತಲ್ಲ, ಮಾಡ್ಕಂಡಿದ್ದೀರಲ್ಲ. ಕಡ್ಲೆಬೀಜ ಹುರೀತೀನಿ."

"ಅಲ್ಲಿ ಕೂತ್ರೆ ಇನ್ ಇಳಿಯಲ್ಲ ಕಣೆ ಗಂಟ್ಲಲ್ಲಿ."

ಬೈಕು ಶುರುವಾಗಿ ಅದರ ದೀಪ ಗೋಡೆಯ ಮೇಲೆ ಬಿತ್ತು. ಕೆಂಚಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ನಲವತ್ತು ವರ್ಷ ಹೊಸ್ತಿಲೊಳಕ್ಕೆ ಒಂದು ತೊಟ್ಟು ಬಿಡದಿದ್ದ ಹೆಂಗಸು, ಬೀದಿಯವರಿಗೆಲ್ಲ ಕೇಳುವಂತೆ ಕೂಗಿ ಮಗನನ್ನು ಬೇಡಿಕೊಂಡಳು.

"ಅನಂತಾ, ಇಲ್ಲೇ ಕುಡಿಯಪ್ಪ. ಒಳಗೇ ಕೂತ್ಕಂಡು ಕುಡಿ. ನಾನೇ ಬಗ್ಗುಸ್ಕೊಡ್ತೀನಿ."

"ಬತ್ತೀನಿ ಬುಡವ್ವ" ಎಂದ ಅವನು ತಿರುಗಿ ನೋಡದೆ. "ಬಾಗ್ಲು ಹಾಕ್ಕಂಡ್ ಮನೀಕ."

ಬೆಳಕು ಗೋಡೆಯಿಂದ ಜಾರಿತು. ಭಾನುಪ್ರಿಯ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಕೆಂಚಮ್ಮ ಅರಿಶಿನದ ಹೊಸ್ತಿಲ ಮೇಲೆಯೇ ಕೂತಳು. ಅಲ್ಲಿ ಕೂರಬಾರದು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದಳೋ. ಹಿಂದೆ ಬಾಗಿಲು ಪೂರಾ ತೆರೆದಿತ್ತು. ರಸ್ತೆಯಲ್ಲಿ ಯಾವ ಬೈಕಿನ ಸದ್ದಾದರೂ ಅವಳು ಎದ್ದು ನಿಲ್ಲುತ್ತಿದ್ದಳು.